ಎಮ್ಮೆಯ ಮೈಕಟ್ಟನ್ನು ಕ್ಯಾಮೆರಾದಿಂದ ಅಳೆಯುವುದು ಹೇಗೆ?

ಎಮ್ಮೆ ಬಡವಾಗಿದೆ ಎಂದು ಕಣ್ಣಿಗೆ ಕಾಣುವ ಹೊತ್ತಿಗೆ ಹಾಲು ಇಳಿದಿರುತ್ತದೆ, ಎಷ್ಟೋ ಸಲ ಬೆದೆಯೂ ತಪ್ಪಿರುತ್ತದೆ. ದಿನವೂ ನೋಡುವ ಕಣ್ಣಿಗೆ ನಿಧಾನದ ಇಳಿತ ತಿಳಿಯುವುದಿಲ್ಲ. ಮುಂಬಯಿಯ ಆರೆ ಕಾಲೊನಿಯಲ್ಲಾಗಲಿ ಪುಣೆ ಜಿಲ್ಲೆಯ ಹಳ್ಳಿಗಳಲ್ಲಾಗಲಿ ಹೈನು ಸಾಕಿರುವ ಕನ್ನಡಿಗರು ಈ ಕೆಲಸಕ್ಕೆ ಕ್ಯಾಮೆರಾವನ್ನು ಬಳಸಿಕೊಳ್ಳಬಹುದು.

ಮೊದಲು ಅಂಕವನ್ನು ಅರಿಯಬೇಕು. ಮೈಕಟ್ಟಿಗೆ 1ರಿಂದ 5ರವರೆಗೆ ಅಂಕ ಕೊಡುವುದು ರೂಢಿ. 1 ಎಂದರೆ ಎಲುಬು ಎದ್ದ ಮೈ, 5 ಎಂದರೆ ಅತಿ ಕೊಬ್ಬಿದ ಮೈ. 1989ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಹೋಲ್‌ಸ್ಟೀನ್ ಎಂಬ ಹಾಲಿನ ತಳಿಯ ಹಸುಗಳಿಗಾಗಿ ಪ್ರಕಟಿಸಿದ ಪಟ್ಟಿಯಲ್ಲಿ ಕಾಲು ಅಂಕದ ಮೆಟ್ಟಿಲುಗಳಿವೆ. ಸೊಂಟದ ಮೂಳೆ, ಬಾಲದ ಬುಡದ ಎರಡು ಬದಿಯ ಮೂಳೆಗಳು, ಅವುಗಳ ನಡುವಿನ ತಗ್ಗು, ಇವೇ ನೋಡಬೇಕಾದ ಜಾಗಗಳು. ಕ್ಯಾಮೆರಾ ಅಳೆಯುವುದೂ ಈ ತಗ್ಗನ್ನೇ.

ಆದ್ದರಿಂದ ಆಳವನ್ನು ಗ್ರಹಿಸುವ ಮೂರು ಆಯಾಮದ ಕ್ಯಾಮೆರಾ ಬೇಕು. ಹಾಲು ಕರೆದ ಮೇಲೆ ಎಮ್ಮೆಗಳು ಒಂದೊಂದಾಗಿ ಹಾದುಹೋಗುವ ಇಕ್ಕಟ್ಟಾದ ದಾರಿಯ ಮೇಲೆ, ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ, ನೇರ ಕೆಳಮುಖವಾಗಿ ಅದನ್ನು ಬಿಗಿಯಿರಿ. ಕಟ್ಟಿಹಾಕಿಯೇ ಸಾಕುವ ತಬೇಲಾಗಳಲ್ಲಿ (ಎಮ್ಮೆ ಕೊಟ್ಟಿಗೆಗಳಲ್ಲಿ) ನೀರಿಗೆ ಹೋಗುವ ದಾರಿ ಅನುಕೂಲ. ಪ್ರತಿ ಎಮ್ಮೆಯ ಕಿವಿಯೋಲೆಯ ಸಂಖ್ಯೆಯೊಡನೆ ಚಿತ್ರ ದಾಖಲಾಗಬೇಕು. ಇಲ್ಲದಿದ್ದರೆ ಅಂಕ ಯಾರದೆಂದೇ ತಿಳಿಯದು.

ಮುರ್ರಾ ತಳಿಯಂಥ ಕಪ್ಪು ಎಮ್ಮೆಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಈ ಕ್ಯಾಮೆರಾಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಬೀರಿ, ಅದು ಮರಳಿ ಬರುವುದರಿಂದ ದೂರವನ್ನು ಲೆಕ್ಕಹಾಕುತ್ತವೆ. ಕಪ್ಪು ಚರ್ಮ ಆ ಬೆಳಕನ್ನು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ತೂತುಗಳು ಬೀಳುತ್ತವೆ, ಮೈ ಒದ್ದೆಯಾಗಿದ್ದರೆ ತೊಂದರೆ ಇನ್ನೂ ಹೆಚ್ಚು, ನೇರ ಬಿಸಿಲು ಬಿದ್ದರೂ ಅಳತೆ ಕೆಡುತ್ತದೆ. ಸ್ನಾನಕ್ಕೆ ಮುಂಚೆ, ಸೂರಿನ ನೆರಳಿನಲ್ಲಿ ಚಿತ್ರ ತೆಗೆಯುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೊಂಕಣದ ಮಳೆಗಾಲದಲ್ಲಿ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ನೀರು ನುಗ್ಗದ ಪೆಟ್ಟಿಗೆ ಹಾಕಿ, ದಿನವೂ ಒರೆಸಬೇಕು.

ಸಿದ್ಧವಾಗಿ ಸಿಗುವ ತಂತ್ರಾಂಶಗಳು ಹೆಚ್ಚಾಗಿ ಹೋಲ್‌ಸ್ಟೀನ್ ಹಸುಗಳ ಚಿತ್ರಗಳಿಂದಲೇ ಕಲಿತವು. ಎಮ್ಮೆಯ ಹಿಂಭಾಗದ ರಚನೆ ಬೇರೆ; ಹಾಗಾಗಿ ಅವುಗಳ ಅಂಕವನ್ನು ಹಾಗೆಯೇ ನಂಬುವುದು ಸರಿಯಲ್ಲ. ಆರಂಭದಲ್ಲಿ ಪಶುವೈದ್ಯರಿಂದ ಪ್ರತಿ ಎಮ್ಮೆಗೂ ಕೈಯಿಂದ ಮುಟ್ಟಿ ಅಂಕ ಕೊಡಿಸಿ, ಕ್ಯಾಮೆರಾದ ಅಂಕದೊಡನೆ ಹೋಲಿಸಿ, ವ್ಯತ್ಯಾಸವನ್ನು ಬರೆದಿಡಿ. ತಿಂಗಳಿಗೊಮ್ಮೆ ಕೆಲವು ಎಮ್ಮೆಗಳನ್ನು ಮತ್ತೆ ಮುಟ್ಟಿ ನೋಡಿ.

ನನ್ನ ದೃಷ್ಟಿಯಲ್ಲಿ ಒಂದು ದಿನದ ಅಂಕಕ್ಕೆ ಬೆಲೆ ಕಡಿಮೆ, ಅದೇ ಎಮ್ಮೆಯ ಹಲವು ವಾರಗಳ ಏರಿಳಿತಕ್ಕೇ ಬೆಲೆ. ಹಾಲಿನ ಹಸುಗಳಲ್ಲಿ ಕರು ಹಾಕುವಾಗ 3ರಿಂದ 3.5 ಅಂಕವಿದ್ದು, ಆಮೇಲಿನ ಇಳಿತ ಅರ್ಧ ಅಂಕವನ್ನು ಮೀರದಿದ್ದರೆ ಒಳ್ಳೆಯದೆಂಬುದು ಸಾಮಾನ್ಯ ಸಲಹೆ. ಎಮ್ಮೆಗೆ ಯಾವ ಗಡಿ ಎಂಬುದನ್ನು ವೈದ್ಯರೊಡನೆ ನಿಗದಿಪಡಿಸಿಕೊಳ್ಳಿ. ಇಳಿತ ಗಡಿ ದಾಟಿದ್ದು ಒಂದೇ ಎಮ್ಮೆಯಲ್ಲಾದರೆ ಅದರ ಹಲ್ಲು, ಗೊರಸು, ಸಗಣಿಯಲ್ಲಿನ ಜಂತುಗಳನ್ನು ಪರೀಕ್ಷಿಸಬೇಕು. ಇಡೀ ಸಾಲೇ ಇಳಿದಿದ್ದರೆ ಮೊದಲು ಮೇವು ಮತ್ತು ಹಿಂಡಿಯ ಪ್ರಮಾಣವನ್ನು ನೋಡಬೇಕು.