ಚುಕ್ಕೆ ಗುರುತಿಲ್ಲದ ಪ್ರಶ್ನೆಯಿಂದ ಕಾಲುಸಂಕ: ನನ್ನ ಅನುಭವ

"ಪ್ರಶ್ನೆ ಬರ್ದು ಸಂಕ ಆಗೋ ಹಂಗಿದ್ರೆ ಮಲ್ನಾಡಲ್ಲಿ ಯಾರೂ ಹಳ್ಳಕ್ಕೆ ಇಳೀತಿರ್ಲಿಲ್ಲ ಮಾರಾಯ" ಎಂದು ನಮ್ಮ ಪಕ್ಷದ ಹಿರಿಯರೊಬ್ಬರು ಸಭೆಯಲ್ಲಿ ಎಲ್ಲರೆದುರೇ ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮ ಹೋಬಳಿಯಲ್ಲಿ ಈಗ ನಾಲ್ಕು ಕಾಲುಸಂಕ (ಹಳ್ಳ ನಡೆದು ದಾಟುವ ಕಿರುಸೇತುವೆ) ಎದ್ದು ನಿಂತಿವೆ, ಐದನೆಯದರ ಪಿಲ್ಲರ್ ಮೇಲೆ ಬಂದಿದೆ. ಧರಣಿ ಮಾಡಿಲ್ಲ, ರಸ್ತೆ ತಡೆದಿಲ್ಲ, ಪತ್ರಿಕಾಗೋಷ್ಠಿ ಕರೆದಿಲ್ಲ. ಆಗಿದ್ದೆಲ್ಲ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಂದ, ಅಂದರೆ ಸದನದಲ್ಲಿ ಮಂತ್ರಿ ಲಿಖಿತವಾಗಿ ಮಾತ್ರ ಉತ್ತರ ಕೊಡುವ ಪ್ರಶ್ನೆಗಳಿಂದ. ನಮ್ಮ ಶಾಸಕರಿಗೆ ಪ್ರಶ್ನೆ ಬರೆದುಕೊಡುವ ಕೆಲಸ ಮಾಡುತ್ತ ಎಂಟೊಂಬತ್ತು ವರ್ಷವಾಯಿತು. ಇದೇ ಕೆಲಸ ಮಾಡುವ ಬೇರೆ ಕ್ಷೇತ್ರದ ಗೆಳೆಯರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ನೋಟಿಸ್ ಕೊಡುವುದು, ಇಲಾಖೆಗಳ ದಿನ ಹಂಚಿಕೆ, ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ ಇವೆಲ್ಲ ನಿಮಗೆ ಗೊತ್ತಿರುವುದೇ.

ನಮ್ಮ ಜಿಲ್ಲೆಯಲ್ಲಿ ಒಂದು ತೊಡಕಿದೆ. 1952ರಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಶಿವಮೊಗ್ಗದ ನೆಲ ಇದು. ಅವರ ಮಾತಿನ ಕಥೆಗಳನ್ನು ಕೇಳುತ್ತಲೇ ಬೆಳೆದವರು ನಾವು. ಹಾಗಾಗಿ ಶಾಸಕ ಎಂದರೆ ಎದ್ದು ನಿಂತು ಮಾತಾಡಬೇಕು ಎನ್ನುವುದು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಶಾಸಕರೂ ಅದನ್ನೇ ಬಯಸುತ್ತಾರೆ. ಮಂತ್ರಿ ಸದನದಲ್ಲೇ ಎದ್ದು ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ ಆಯ್ಕೆಯಾದರೆ ಕಾರ್ಯಕರ್ತರಿಗೆಲ್ಲ ಫೋನ್ ಹೋಗುತ್ತದೆ, ಟಿವಿ ನೋಡಿ ಎಂದು. ಅಷ್ಟರಲ್ಲಿ ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲವೆದ್ದು ಪ್ರಶ್ನೋತ್ತರ ಕಲಾಪವೇ ಕೊಚ್ಚಿಹೋದ ದಿನಗಳನ್ನು ಎಷ್ಟೋ ನೋಡಿದ್ದೇನೆ. ಲಿಖಿತ ಉತ್ತರಕ್ಕೆ ಈ ಭಯ ಇಲ್ಲ. ಗದ್ದಲವಿರಲಿ ಬಿಡಲಿ, ಉತ್ತರ ಮೇಜಿನ ಮೇಲೆ ಬಂದು ಬೀಳುತ್ತದೆ, ಅದಕ್ಕೆ ಮಂತ್ರಿಯ ಸಹಿ ಇರುತ್ತದೆ. ನನ್ನ ಕೆಲಸವೆಲ್ಲ ನಿಂತಿರುವುದು ಆ ಸಹಿಯ ಮೇಲೆ.

ಮೊದಲ ಮೂರು ನಾಲ್ಕು ವರ್ಷ ಬರೀ ಸೋಲು. ಎಲ್ಲರೂ ಬರೆಯುವ ಧಾಟಿಯಲ್ಲೇ ನಾವೂ ಬರೆಯುತ್ತಿದ್ದೆವು. (ಅ) "ಮಳೆಗಾಲದಲ್ಲಿ ಕಾಲುಸಂಕಗಳಿಲ್ಲದೆ ಶಾಲಾ ಮಕ್ಕಳಿಗೆ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಬಲಗಡೆಯ ಕಾಲಂನಲ್ಲಿ ಉತ್ತರ: "ಬಂದಿದೆ." (ಆ) "ಹಾಗಿದ್ದಲ್ಲಿ ಸರ್ಕಾರ ಕೈಗೊಂಡಿರುವ ಕ್ರಮಗಳೇನು?" ಉತ್ತರ: "ಅನುದಾನದ ಲಭ್ಯತೆಗನುಗುಣವಾಗಿ ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುವುದು." (ಇ) "ಯಾವ ಕಾಲಮಿತಿಯೊಳಗೆ?" ಉತ್ತರ: "ಉದ್ಭವಿಸುವುದಿಲ್ಲ." ಗಮನಕ್ಕೆ ಬಂದಿದೆಯೇ ಎಂದು ಕೇಳಿದ ಕೂಡಲೇ ಇಲಾಖೆಯ ಗುಮಾಸ್ತನ ಅರ್ಧ ಕೆಲಸ ಮುಗಿಯಿತು, ಹಳೆಯ ಫೈಲಿನ ಉತ್ತರ ತೆಗೆದು ದಿನಾಂಕ ಬದಲಿಸಿದರೆ ಸಾಕು.

ಆಮೇಲೆ ಇನ್ನೊಂದು ತುದಿಗೆ ಹೋಗಿ ನೋಡಿದೆವು. ಹತ್ತು ವರ್ಷದ ಲೆಕ್ಕ, ಇಡೀ ರಾಜ್ಯದ್ದು, ತಾಲ್ಲೂಕುವಾರು ಕೊಡಿ ಎಂದು ಕೇಳಿದೆವು. "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ" ಎಂದು ಬಂತು. ಇನ್ನೊಂದು ಇಲಾಖೆ ಅನುಬಂಧವನ್ನು ಸಿ.ಡಿ.ಯಲ್ಲಿ ಕೊಟ್ಟಿತು. ಕಚೇರಿಯ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇಲ್ಲ. ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟು ಹೊರಗಿನ ಡ್ರೈವ್ ತಂದು ತೆರೆದರೆ, ಅಡ್ಡಡ್ಡ ಸ್ಕ್ಯಾನ್ ಮಾಡಿದ ನೂರಾರು ಪುಟ. ನಮ್ಮ ಹೋಬಳಿಯ ಹೆಸರು ಹುಡುಕಲು ವಾರ ಹಿಡಿಯಿತು. ಸಿಕ್ಕಿದ್ದು ಎರಡು ಸಾಲು.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಅಧಿವೇಶನಕ್ಕೆ ಬಸ್ಸು, ಊಟ, ಜೆರಾಕ್ಸ್, ಮೊದಲೇ ಊರೂರು ಸುತ್ತುವ ಬೈಕಿನ ಪೆಟ್ರೋಲ್ ಎಲ್ಲ ಸೇರಿ ಏಳೆಂಟು ಸಾವಿರ. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಅದರ ದುಪ್ಪಟ್ಟು, ಸುವರ್ಣ ವಿಧಾನಸೌಧದ ಸುತ್ತಮುತ್ತ ಆ ಹೊತ್ತಿನಲ್ಲಿ ಲಾಡ್ಜ್ ಸಿಗುವುದೇ ಕಷ್ಟ. ಅದೂ ಸರಿಯಾಗಿ ಅಡಿಕೆ ಕೊನೆ ಕೊಯ್ಯುವ ಕಾಲ, ನಾನು ಹೋದರೆ ತೋಟದಲ್ಲಿ ನಿಂತು ಕೆಲಸ ಮಾಡಿಸುವವರಿಲ್ಲ. ಶಾಸಕರು ಅರ್ಧ ಕೊಡುತ್ತಾರೆ. ಉಳಿದರ್ಧ ನನ್ನ ಕೈಯಿಂದಲೇ ಹೋಗುತ್ತದೆ, ಹೋಗಲಿ.

ದಾರಿ ಸಿಕ್ಕಿದ್ದು ಕೇಳುವ ಜಾಗವನ್ನು ಕುಗ್ಗಿಸಿ, ಕೇಳುವ ಕಾಲಂಗಳನ್ನು ಹೆಚ್ಚಿಸಿದಾಗ. ರಾಜ್ಯ ಬೇಡ, ಜಿಲ್ಲೆ ಬೇಡ, ತಾಲ್ಲೂಕೂ ಬೇಡ. ಒಂದೇ ಹೋಬಳಿ, ನಾಲ್ಕು ವರ್ಷ. "ಮಂಜೂರಾದ ಕಾಲುಸಂಕಗಳೆಷ್ಟು (ಕಾಮಗಾರಿವಾರು, ಹಳ್ಳದ ಹೆಸರು, ಅಂದಾಜು ಮೊತ್ತ, ಲೆಕ್ಕಶೀರ್ಷಿಕೆ, ಕಾರ್ಯಾದೇಶದ ದಿನಾಂಕ, ಅಂತಿಮ ಬಿಲ್ ಪಾವತಿಸಿದ ದಿನಾಂಕ, ಅಳತೆ ಪುಸ್ತಕದ ಸಂಖ್ಯೆ ಮತ್ತು ಪುಟದೊಂದಿಗೆ ವಿವರ ನೀಡುವುದು)." ಇಷ್ಟೇ. ಒಂದು ಹೋಬಳಿಯದನ್ನು ಸಂಗ್ರಹಿಸಲಾಗುತ್ತಿದೆ ಎಂದು ಹೇಳಲು ಯಾರಿಗೂ ಮುಖ ಬರುವುದಿಲ್ಲ, ಅದೆಲ್ಲ ಒಂದೇ ಕಚೇರಿಯ ಒಂದೇ ಬೀರುವಿನಲ್ಲಿರುತ್ತದೆ. ಹಳ್ಳದ ಹೆಸರು ಬಹಳ ಮುಖ್ಯ. ಊರಿನ ಹೆಸರು ಮಾತ್ರ ಕೇಳಿದರೆ ಒಂದೂರಿಗೆ ಎರಡು ಸಂಕ ತೋರಿಸಿ ಜಾರಿಕೊಳ್ಳಬಹುದು. ಹಳ್ಳ ಹೇಳಿದ ಮೇಲೆ ಅದು ಎಲ್ಲಿ ಹರಿಯುತ್ತದೆ ಎಂದು ಊರಿನ ಮಕ್ಕಳಿಗೂ ಗೊತ್ತು.

ಇದೇ ಪ್ರಶ್ನೆಯನ್ನು ಇದೇ ಕಾಲಂಗಳೊಂದಿಗೆ ಅದೇ ಅಧಿವೇಶನದಲ್ಲಿ ಇನ್ನೊಂದು ಇಲಾಖೆಗೆ, ವಿಧಾನ ಪರಿಷತ್ತಿನಲ್ಲಿ, ನಮಗೆ ಬೇಕಾದ ಸದಸ್ಯರೊಬ್ಬರಿಂದ ಹಾಕಿಸಿದೆವು. ಸಂಕಕ್ಕೆ ಹಣ ಬರುವ ದಾರಿ ನಮ್ಮಲ್ಲಿ ನಾಲ್ಕೈದಿವೆ. ಎಲ್‌ಎಕ್ಯೂಗೆ (ವಿಧಾನಸಭೆಯ ಪ್ರಶ್ನೆ) ಉತ್ತರ ಬರೆದವರು ಎಲ್‌ಸಿಕ್ಯೂಗೆ (ಪರಿಷತ್ತಿನ ಪ್ರಶ್ನೆ) ಹೋದ ಉತ್ತರ ನೋಡಿರುವುದಿಲ್ಲ. ಎರಡು ಅನುಬಂಧವನ್ನು ಮನೆಯ ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟು ಹಳ್ಳದ ಹೆಸರಿಗೆ ಪೆನ್ಸಿಲ್ ಗುರುತು ಹಾಕುತ್ತ ಹೋದೆ. ಒಂದು ಸಂಕ ಎರಡೂ ಪಟ್ಟಿಯಲ್ಲಿತ್ತು. ಎರಡೂ ಕಡೆ "ಪೂರ್ಣಗೊಂಡಿದೆ". ಒಂದರಲ್ಲಿ ಒಂಬತ್ತು ಲಕ್ಷದ ಹತ್ತಿರ, ಇನ್ನೊಂದರಲ್ಲಿ ಆರೂವರೆಯೋ ಏನೋ. ಬಿಲ್ ಪಾವತಿಯ ದಿನಾಂಕಗಳ ನಡುವೆ ಒಂದು ಮಳೆಗಾಲದ ಅಂತರ. ಯಾವ ಇಲಾಖೆ, ಯಾರ ಕಾಲ ಎಂದು ಇಲ್ಲಿ ಬರೆಯುವುದಿಲ್ಲ, ವಿಚಾರಣೆ ನಡೆಯುತ್ತಿದೆ.

ಆಷಾಢದ ಮಳೆಯಲ್ಲೇ ಆ ಜಾಗಕ್ಕೆ ಹೋದೆವು, ಊರಿನ ಶಾಲೆಯ ಮೇಡಂ ಕೂಡ ಬಂದರು. ಗದ್ದೆಯಂಚು ಹಿಡಿದು ಹತ್ತು ನಿಮಿಷ ನಡೆದರೆ ಹಳ್ಳ. ಮೇಲೆ ಮೂರು ಅಡಿಕೆ ಮರ ಅಡ್ಡ ಹಾಕಿ ದಬ್ಬೆ ಬಡಿದಿದ್ದರು. ಕೈ ಹಿಡಿಯಲು ಒಂದೇ ಬಿದಿರಿನ ಗಳ, ಅದನ್ನು ಅತ್ತಿ ಮರಕ್ಕೆ ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ದಬ್ಬೆಗಳ ಮೇಲೆ ಹಸಿರು ಪಾಚಿ. ಕೆಳಗೆ ಕೆಂಪು ನೀರು ಸಂಕದ ಹೊಟ್ಟೆಗೆ ತಾಗಿ ಹರಿಯುತ್ತಿತ್ತು. ಇದನ್ನು ಪ್ರತಿ ವರ್ಷ ಊರವರೇ ಮೇ ತಿಂಗಳಲ್ಲಿ ಹೊಸದಾಗಿ ಕಟ್ಟುತ್ತಾರೆ, ಖರ್ಚು ಊರಿನದು. ಹದಿನೈದು ಲಕ್ಷ ಬಿಲ್ ಆದ ಸಂಕ ಅದು. ಮೇಡಂ ಅನುಬಂಧದ ಆ ಸಾಲಿನ ಮೇಲೆ ಬೆರಳಿಟ್ಟು, "ಇದಾ ಸರ್? ಇದೇನಾ?" ಎಂದು ಕೇಳಿದರು. ನನಗೆ ಗಂಟಲು ಕಟ್ಟಿತು. ಫೋಟೊ, ಜಾಗದ ಅಕ್ಷಾಂಶ ರೇಖಾಂಶ, ಪಂಚಾಯಿತಿ ಸದಸ್ಯರ ಸಹಿ ಎಲ್ಲ ಅಲ್ಲೇ ತೆಗೆದುಕೊಂಡೆವು.

ಇಲ್ಲಿ ಹೆಚ್ಚಿನವರು ಪತ್ರಿಕೆಗೆ ಓಡುತ್ತಾರೆ. ಶಾಸಕರಿಗೂ ಹಾಗೇ ಅನಿಸಿತ್ತು. ನಾನು ಬೇಡ ಅಂದೆ. ಮುಂದಿನ ಅಧಿವೇಶನಕ್ಕೆ ಎರಡನೇ ಪ್ರಶ್ನೆ ಹೋಯಿತು: ಇಂಥ ದಿನ ಇಂಥ ಸಂಖ್ಯೆಯ ಪ್ರಶ್ನೆಗೆ ನೀಡಿದ ಉತ್ತರದ ಅನುಬಂಧದಲ್ಲಿ ಇಂಥ ಕ್ರಮ ಸಂಖ್ಯೆಯಲ್ಲಿರುವ ಕಾಮಗಾರಿಯನ್ನು ಸ್ಥಳ ಪರಿಶೀಲನೆ ಮಾಡಿದ ಅಧಿಕಾರಿಯ ಹುದ್ದೆ ಯಾವುದು, ಪರಿಶೀಲಿಸಿದ ದಿನಾಂಕ ಯಾವುದು, ಪರಿಶೀಲನಾ ವರದಿಯ ಪ್ರತಿ ನೀಡುವುದು. ಆರೋಪ ಇಲ್ಲ, ವಿಶೇಷಣ ಇಲ್ಲ, ಭ್ರಷ್ಟಾಚಾರ ಎಂಬ ಪದವೇ ಇಲ್ಲ. ಆರೋಪ, ಅಭಿಪ್ರಾಯ ಇದ್ದರೆ ಪ್ರಶ್ನೆ ವಿಧಾನಸಭೆಯ ಸಚಿವಾಲಯದಲ್ಲೇ ತಿರಸ್ಕೃತವಾಗುತ್ತದೆ. ಇದರಲ್ಲಿ ತಿರಸ್ಕರಿಸಲು ಏನೂ ಇಲ್ಲ. ಆದರೆ ಓದಿದವನಿಗೆ ಗೊತ್ತಾಗುತ್ತದೆ, ಮಂತ್ರಿಯ ಸಹಿ ಹಾಕಿಸಿ ಸದನಕ್ಕೆ ತಪ್ಪು ಮಾಹಿತಿ ಕೊಟ್ಟಾಗಿದೆ, ಇನ್ನೊಂದು ಹೆಜ್ಜೆ ಹೋದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪ ಎಂದು. ಕಾರ್ಯದರ್ಶಿಯಿಂದ ಮುಖ್ಯ ಎಂಜಿನಿಯರ್, ಅಲ್ಲಿಂದ ಕಾರ್ಯಪಾಲಕ ಎಂಜಿನಿಯರ್, ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕೊನೆಗೆ ಕಿರಿಯ ಎಂಜಿನಿಯರ್‌ವರೆಗೆ ಫೋನ್ ಹರಿದಿದ್ದು ನಮಗೆ ಇಲ್ಲಿ ಕೂತೇ ಗೊತ್ತಾಯಿತು.

ಒಂದು ಸಂಜೆ ಇಬ್ಬರು ಜೀಪಿನಲ್ಲಿ ಮನೆಗೇ ಬಂದರು. ಕಾಫಿ ಕುಡಿದು, "ಸಾಹೇಬ್ರಿಗೆ ಹೇಳಿ ಪ್ರಶ್ನೆ ವಾಪಸ್ ತಗೊಳ್ಳೋ ಹಂಗ್ ಮಾಡಿ, ಸಂಕ ನಾವ್ ಮಾಡಿಕೊಡ್ತೀವಿ" ಅಂದರು. ಶಾಸಕರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅವರು ಹೇಳಿದ್ದು ಒಂದೇ ಮಾತು, "ಸಂಕನೂ ಆಗ್ಲಿ, ಉತ್ತರನೂ ಬರ್ಲಿ." ಆ ಮನುಷ್ಯನ ಮೇಲೆ ನನಗಿದ್ದ ಗೌರವ ಅವತ್ತು ಇಮ್ಮಡಿಯಾಯಿತು. ಉತ್ತರ ಬರುವುದಕ್ಕೆ ಮೊದಲೇ ಹಳ್ಳದ ಪಕ್ಕ ಜಲ್ಲಿ ಬಿತ್ತು. ಪಟ್ಟಿಯಲ್ಲಿ "ಪ್ರಗತಿಯಲ್ಲಿದೆ" ಎಂದಿದ್ದ ಇನ್ನೂ ಮೂರು ಸಂಕಗಳಿಗೂ ಅದೇ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಅವುಗಳ ಬಗ್ಗೆ ನಾವು ಎರಡನೇ ಪ್ರಶ್ನೆ ಕೇಳಿರಲೇ ಇಲ್ಲ. ಎರಡು ಸಲ ಪಾವತಿಯಾದ ಹಣದ ವಸೂಲಿಗೆ ನೋಟಿಸ್ ಹೋಗಿದೆ, ಹಣ ಇನ್ನೂ ಬಂದಿಲ್ಲ. ವಿಚಾರಣೆ ನಡೆಸಿ ಕ್ರಮ ಕೈಗೊಳ್ಳಲಾಗುವುದು ಎಂದು ಉತ್ತರದಲ್ಲೇ ಇರುವುದರಿಂದ ಅದನ್ನು, ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹಿಡಿದುಕೊಂಡಿದ್ದೇವೆ. ಐದನೆಯ ಸಂಕದ ಒಂದು ದಡ ಅರಣ್ಯದೊಳಗಿದೆ, ಅನುಮತಿಗಾಗಿ ನಿಂತಿದೆ.

ಎರಡು ಸಂಗತಿ ನಾನು ಬರೆಯುವುದಿಲ್ಲ. ನೋಟಿಸನ್ನು ಯಾವ ದಿನ, ಯಾವ ಕ್ರಮದಲ್ಲಿ ಕೊಟ್ಟರೆ ಎರಡು ಸದನದ ಉತ್ತರ ಒಂದೇ ವಾರಕ್ಕೆ ಬರುತ್ತದೆ ಎನ್ನುವುದು ಒಂದು. ಉತ್ತರದ ಕೆಳಗಿನ ಕಡತ ಸಂಖ್ಯೆಯಿಂದ ನಾನು ಏನು ಓದಿಕೊಳ್ಳುತ್ತೇನೆ ಎನ್ನುವುದು ಇನ್ನೊಂದು. ಬರೆದರೆ ಮುಂದಿನ ಅಧಿವೇಶನದಿಂದ ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ.

ಮಾಹಿತಿ ಹಕ್ಕಿನಲ್ಲೇ ಕೇಳಬಹುದಲ್ಲ ಎನ್ನುವವರಿದ್ದಾರೆ. ಅದನ್ನೂ ಜೊತೆಯಲ್ಲೇ ಮಾಡಿ ನೋಡಿದ್ದೇನೆ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಅಗ್ಗವೇ. ಆದರೆ ನಮ್ಮ ರಾಜ್ಯದ ನಿಯಮದಲ್ಲಿ 150 ಪದ, ಒಂದೇ ವಿಷಯ ಎಂಬ ಕಟ್ಟಿದೆ. ಅರ್ಜಿ ತಿರಸ್ಕರಿಸಿದರೆ ಮೇಲ್ಮನವಿ, ಆಯೋಗ ಎಂದು ವರ್ಷಗಳೇ ಹೋಗುತ್ತವೆ. ನಾನು ಅದನ್ನು ಬಳಸುವುದು ಉತ್ತರ ಬಂದ ಮೇಲೆ, ಆ ಉತ್ತರ ತಯಾರಿಸಿದ ಕಡತದ ಟಿಪ್ಪಣಿ ಹಾಳೆಗಳಿಗಾಗಿ. ಕೆಳಗಿನ ಕಚೇರಿ ಕಳಿಸಿದ ಅಂಕಿ ಒಂದು, ಮೇಲೆ ಟೈಪಾದ ಅಂಕಿ ಇನ್ನೊಂದು ಇರುವುದು ಅಲ್ಲಿ ಕಾಣುತ್ತದೆ.

ನುಡಿ ತಂತ್ರಾಂಶದಲ್ಲಿ ಟೈಪಾದ ಹಳೆಯ ಉತ್ತರಗಳನ್ನು ಯೂನಿಕೋಡಿಗೆ ತಿರುಗಿಸಿ ಹುಡುಕುವಂತೆ ಮಾಡಲು ಅಳಿಯನ ಜೊತೆ ಒಂದು ಬೇಸಿಗೆ ಕೂತಿದ್ದೆ. ಟೈಪಾದ ಫೈಲುಗಳು ಪರವಾಗಿಲ್ಲ, ಸ್ಕ್ಯಾನ್ ಆದವುಗಳಲ್ಲಿ ಒತ್ತಕ್ಷರ ಎಲ್ಲ ಕಲಸಿಹೋಗುತ್ತವೆ. ಅರ್ಧಕ್ಕೇ ಬಿಟ್ಟೆವು. ಆದರೂ ಆ ಅರ್ಧದಿಂದಲೇ ನಮ್ಮ ತಾಲ್ಲೂಕಿನ ಒಂದೇ ರಸ್ತೆಗೆ ಹತ್ತು ವರ್ಷದಲ್ಲಿ ನಾಲ್ಕು ಶಾಸಕರು ಪ್ರಶ್ನೆ ಕೇಳಿ ಒಂದೇ ಉತ್ತರ ಪಡೆದದ್ದು ಸಿಕ್ಕಿತು.

ಶರಾವತಿ ಮುಳುಗಡೆಯವರ, ಅಂದರೆ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ವಿಷಯದಲ್ಲಿ ನನ್ನ ವಿಧಾನ ಇನ್ನೂ ಪೂರ್ತಿ ಗೆದ್ದಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಹಕ್ಕುಪತ್ರ ಯಾವಾಗ ಎಂದು ಕೇಳಿದರೆ ಒಂದೋ ನ್ಯಾಯಾಲಯ, ಇಲ್ಲವೇ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ ಎಂದು ಉತ್ತರ. ಹಾಗಾಗಿ ಈಗ ಭೂಮಿಯ ಮಾತೇ ಎತ್ತದೆ ಸರ್ವೆ ಎಷ್ಟಾಯಿತು ಎಂದು ಮಾತ್ರ ಕೇಳುತ್ತಿದ್ದೇವೆ: ಗ್ರಾಮವಾರು, ತಿಂಗಳುವಾರು, ಎಷ್ಟು ಸರ್ವೆಯರು. ಅಂಕಿ ಬರಲು ಶುರುವಾಗಿದೆ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪ್ರಶ್ನೆಗೆ ಬೆಲೆ ಇದೆ ಎಂದು ಗೊತ್ತಾದ ಕೂಡಲೇ ಗುತ್ತಿಗೆದಾರರು ಬರುತ್ತಾರೆ. ತನ್ನ ಎದುರಾಳಿಯ ಕಾಮಗಾರಿ ಮೇಲೆ ಒಂದು ಪ್ರಶ್ನೆ ಹಾಕಿಸಿ, ನಿಮ್ಮ ಓಡಾಟದ ಖರ್ಚು ನನ್ನದು ಎಂದು ನನ್ನ ಮನೆಗೂ ಒಬ್ಬರು ಬಂದಿದ್ದರು. ಜಗಲಿಯಿಂದಲೇ ಕಳಿಸಿದೆ. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದರೆಂದು ಸಂಸತ್ತಿನ 11 ಸದಸ್ಯರು ಸ್ಥಾನ ಕಳೆದುಕೊಂಡರು. ಒಂದೇ ಒಂದು ಪ್ರಶ್ನೆ ಹಾಗೆ ಹೋದರೂ ಶಾಸಕರ ಉಳಿದ ಪ್ರಶ್ನೆಗಳನ್ನೆಲ್ಲ ಇಲಾಖೆಯವರು ಅದೇ ಕಣ್ಣಿನಿಂದ ನೋಡುತ್ತಾರೆ. ಹಾಗೆಯೇ, ಅಧಿವೇಶನಕ್ಕೆ ಇಷ್ಟು ನೂರು ಪ್ರಶ್ನೆ ಕೇಳಿದರು ಎಂದು ಲೆಕ್ಕ ತೋರಿಸುವ ಗೀಳಿಗೂ ಬೀಳಬೇಡಿ. ನಾವು ಈಗ ಒಂದು ಅಧಿವೇಶನಕ್ಕೆ ಹತ್ತಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬರೆದ ಪ್ರತಿಯೊಂದರ ಉತ್ತರವನ್ನೂ ಊರಿಗೆ ಒಯ್ದು ನೆಲದ ಮೇಲೆ ತಾಳೆ ನೋಡುತ್ತೇವೆ.

ಬೆಳಗಾವಿ ಅಧಿವೇಶನಕ್ಕೆ ಈಗ ಮಂಗನ ಕಾಯಿಲೆಯ ಪ್ರಶ್ನೆ ತಯಾರಾಗುತ್ತಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು (ಉಣ್ಣೆ ಹುಳ) ಕಚ್ಚಿ ಮಂಗಗಳಿಗೂ ಮನುಷ್ಯರಿಗೂ ಬರುವ ಕಾಯಿಲೆ, ಡಿಸೆಂಬರಿನಿಂದ ಮೇವರೆಗೆ ನಮ್ಮ ಜನರನ್ನು ಇವತ್ತಿಗೂ ಕಾಡುತ್ತಿದೆ. ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲ ಎಷ್ಟು ಬಾಟಲಿ ಕೊಟ್ಟಿದ್ದೀರಿ ಎಂದು ನಾವು ಕೇಳುತ್ತಿಲ್ಲ. ಗ್ರಾಮ ಪಂಚಾಯಿತಿವಾರು, ಉಪಕೇಂದ್ರಕ್ಕೆ ತಲುಪಿದ ದಿನಾಂಕ, ಮನೆಗೆ ಹಂಚಿದ ದಿನಾಂಕ, ಆ ಪಂಚಾಯಿತಿಯಲ್ಲಿ ಮೊದಲ ಮಂಗ ಸತ್ತದ್ದು ವರದಿಯಾದ ದಿನಾಂಕ, ಈ ಮೂರು ಕಾಲಂ ಅಕ್ಕಪಕ್ಕ ಬರಬೇಕು ಎಂದು ಕೇಳುತ್ತಿದ್ದೇವೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗೆಳೆಯರು ಇದೇ ಮೂರು ಕಾಲಂ ಇಟ್ಟುಕೊಂಡು ತಮ್ಮ ಶಾಸಕರಿಂದ ತಮ್ಮ ತಮ್ಮ ಪಂಚಾಯಿತಿಗಳಿಗೆ ನೋಟಿಸ್ ಕೊಡಿಸಿದರೆ, ಜನವರಿಯೊಳಗೆ ಉತ್ತರಗಳನ್ನು ಒಟ್ಟಿಗೆ ಕೂತು ನೋಡಬಹುದು. ಹಾಳೆ, ಜೆರಾಕ್ಸಿನ ಖರ್ಚು ನಾನು ನೋಡಿಕೊಳ್ಳುತ್ತೇನೆ.