ನಕ್ಷೆಯಲ್ಲಿ ಮೊದಲು ಹುಡುಕಿದ್ದು ಇಳಿಯುವ ದಾರಿಗಳನ್ನು

ಅಮೆರಿಕದ ಪೂರ್ವ ಭಾಗದ ಬೆಟ್ಟಗಳ ಮೇಲೆ ಹಾದುಹೋಗುವ ಕಾಲುದಾರಿ ಅಪಲಾಚಿಯನ್ ಟ್ರೇಲ್ ಪೂರ್ತಿ ನಡೆದರೆ ಸುಮಾರು 3,500 ಕಿ.ಮೀ. ಅಷ್ಟು ದಿನ ರಜೆ ನನಗೆ ಸಿಗುವುದಿಲ್ಲ, ಹಾಗಾಗಿ ತುಂಡು ತುಂಡಾಗಿ ನಡೆಯುತ್ತಿದ್ದೇನೆ. ಈ ಸಲ ಆರಿಸಿಕೊಂಡಿದ್ದು ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಿ ಫಾಂಟಾನಾ ಅಣೆಕಟ್ಟಿನಿಂದ ನ್ಯೂಫೌಂಡ್ ಗ್ಯಾಪ್‌ವರೆಗಿನ ದಾರಿ. ಹತ್ತಿರ ಹತ್ತಿರ 64 ಕಿ.ಮೀ., ಜನವರಿಯಲ್ಲಿ, ನಾಲ್ಕು ದಿನ.

ಬೇಸಿಗೆಯಲ್ಲಾದರೆ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಿ ಹೊರಟುಬಿಡುತ್ತೇನೆ. ಜನವರಿಯಲ್ಲಿ ಬೆಳಕು ಇರುವುದೇ ಹತ್ತು ಗಂಟೆ. ಅದಕ್ಕೇ ಸಂಜೆ ನಾಲ್ಕಕ್ಕೆ ಶೆಲ್ಟರ್ (ದಾರಿಯಲ್ಲಿ ರಾತ್ರಿ ತಂಗುವ ಗುಡಿಸಲು) ತಲುಪಿರಬೇಕು ಅಂತ ಮೊದಲು ಬರೆದುಕೊಂಡೆ, ಆಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿದೆ. ಮೊದಲ ರಾತ್ರಿ ಮಾಲೀಸ್ ರಿಜ್, ಎರಡನೆಯದು ಡೆರಿಕ್ ನಾಬ್, ಮೂರನೆಯದು ಡಬಲ್ ಸ್ಪ್ರಿಂಗ್ ಗ್ಯಾಪ್. ಮೂರನೇ ದಿನ ಬರೀ 11 ಕಿ.ಮೀ. ಚಿಲ್ಲರೆ. ಬೇಕಂತಲೇ ಚಿಕ್ಕದಾಗಿ ಇಟ್ಟೆ, ಹಿಂದಿನ ದಿನ ಥಂಡರ್‌ಹೆಡ್ ಬೆಟ್ಟ ಹತ್ತಿ ಇಳಿದ ಕಾಲುಗಳು ಅವು. ಪರ್ಮಿಟ್‌ಗೆ ಯಾವ ರಾತ್ರಿ ಯಾವ ಶೆಲ್ಟರ್ ಅಂತ ಮುಂಚೆಯೇ ಕಾದಿರಿಸಬೇಕು, ಆದ್ದರಿಂದ ಈ ಲೆಕ್ಕ ಮನೆಯಲ್ಲೇ ಮುಗಿದಿರಬೇಕು.

ನಾನು ಜಾಸ್ತಿ ಹೊತ್ತು ಕೂತಿದ್ದು ಮಾತ್ರ ಇಳಿಯುವ ದಾರಿಗಳ ಮೇಲೆ, ಅಂದರೆ ನಡುವೆ ತೊಂದರೆಯಾದರೆ ಬೆಟ್ಟ ಬಿಟ್ಟು ಕೆಳಗೆ ಹೋಗುವ ದಾರಿಗಳು. ಎರಡನೇ ದಿನ ಥಂಡರ್‌ಹೆಡ್‌ಗೆ ಮುಂಚೆ ಸಿಗುವ ಸ್ಪೆನ್ಸ್ ಫೀಲ್ಡ್‌ನಿಂದ ಬೋಟ್ ಮೌಂಟನ್ ಟ್ರೇಲ್ ಹಿಡಿದರೆ ರಸ್ತೆ ಸಿಗುತ್ತದೆ. ಡೆರಿಕ್ ನಾಬ್ ಹತ್ತಿರದಿಂದ ಗ್ರೀನ್‌ಬ್ರಯರ್ ರಿಜ್ ಮೂಲಕ ಟ್ರೆಮಾಂಟ್ ಕಡೆ ಇಳಿಯಬಹುದು. ಕುವೋಹಿ ಶಿಖರದ ಹತ್ತಿರವೂ ನಕ್ಷೆಯಲ್ಲಿ ಚೆನ್ನಾದ ರಸ್ತೆ ಕಾಣುತ್ತದೆ, ಏನಾದರೂ ಆದರೆ ಅಲ್ಲಿಗೆ ಕಾರು ಕರೆಸಿಕೊಳ್ಳಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆದರೆ ಆ ರಸ್ತೆ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತದೆ. ನ್ಯೂಫೌಂಡ್ ಗ್ಯಾಪ್ ರಸ್ತೆಯನ್ನೂ ಹಿಮ ಬಿದ್ದಾಗ ಮುಚ್ಚುತ್ತಾರೆ, ಅದಕ್ಕೇ ಒಂದು ದಿನದ ಊಟ ಹೆಚ್ಚಿಗೆ ಹೊತ್ತೆ.

ಹವಾಮಾನ ನೋಡುವಾಗ ಕೆಳಗಿನ ಊರಿನದ್ದು ನೋಡಿ ಮೋಸಹೋಗಬೇಡಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅಣೆಕಟ್ಟು ಇರುವುದು 520 ಮೀಟರ್ ಆಸುಪಾಸಿನಲ್ಲಿ, ಕುವೋಹಿ 2,025 ಮೀಟರ್. ಅಂದರೆ ಕೆಳಗೆ 5 ಡಿಗ್ರಿ ಇದ್ದರೆ ಮೇಲೆ ಸೊನ್ನೆಗಿಂತ ಐದು ಕೆಳಗೆ. ಗಾಳಿಯ ಚಳಿ ಬೇರೆ.

ಹಿಂದಿನ ಒಂದು ಚಳಿಗಾಲದಲ್ಲಿ ನೀರಿನ ಫಿಲ್ಟರನ್ನು ರಾತ್ರಿಯಿಡೀ ಚೀಲದ ಹೊರಜೇಬಿನಲ್ಲೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹೆಪ್ಪುಗಟ್ಟಿತ್ತು. ಒಳಗಿನ ಸಣ್ಣ ಕೊಳವೆಗಳು ಬಿರುಕು ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ, ನೀರು ಸಲೀಸಾಗಿ ಬರುತ್ತಲೇ ಇರುತ್ತದೆ, ಆದರೆ ಶುದ್ಧವಾಗಿರುತ್ತದೆ ಅಂತ ನಂಬುವ ಹಾಗಿಲ್ಲ. ಆಮೇಲೆ ಪ್ರತಿ ಲೀಟರ್ ಕುದಿಸಿ ಕುದಿಸಿ ಗ್ಯಾಸ್ ಮುಗಿಯಿತು, ಒಂದು ದಿನ ಮುಂಚೆಯೇ ಕೆಳಗಿಳಿದೆ. ಈ ಸಲ ಫಿಲ್ಟರ್, ಗ್ಯಾಸ್ ಡಬ್ಬಿ, ಫೋನು ಎಲ್ಲವೂ ಸ್ಲೀಪಿಂಗ್ ಬ್ಯಾಗ್ ಒಳಗೆ ನನ್ನ ಜೊತೆಗೇ ಮಲಗಿದವು. ಬ್ಯೂಟೇನ್ ಸೊನ್ನೆಯ ಸುತ್ತಮುತ್ತಲೇ ಆವಿಯಾಗುವುದನ್ನು ನಿಲ್ಲಿಸಿಬಿಡುತ್ತದೆ, ಹಾಗಾಗಿ ತಣ್ಣಗಾದ ಡಬ್ಬಿ ತುಂಬಿದ್ದರೂ ಒಲೆ ಮಂಕಾಗುತ್ತದೆ.

ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಅದಕ್ಕೇ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟೆ. ಡೆರಿಕ್ ನಾಬ್‌ನಲ್ಲಿ ಬೆಳಿಗ್ಗೆ ಬಾಟಲಿ ನೆಟ್ಟಗೆ ಮಾಡಿದಾಗ ಬೆರಳಿನಷ್ಟು ದಪ್ಪದ ಮಂಜುಗಡ್ಡೆ ತಳದಲ್ಲೇ ಅಂಟಿಕೊಂಡಿತ್ತು, ಮುಚ್ಚಳ ಸುಲಭವಾಗಿ ತಿರುಗಿತು. ಬೂಟಿನ ಲೇಸು ಮಾತ್ರ ತಂತಿಯ ಹಾಗೆ ನಿಂತಿತ್ತು. ಹಿಂದಿನ ಸಂಜೆ ಲೇಸು ಪೂರ್ತಿ ಸಡಿಲ ಮಾಡಿ, ಬೂಟಿನ ಬಾಯಿ ಅಗಲಿಸಿ ಇಟ್ಟಿದ್ದೆ. ಇಲ್ಲದಿದ್ದರೆ ಕಾಲು ಒಳಗೆ ಹೋಗುತ್ತಲೇ ಇರಲಿಲ್ಲ.

ಜೇಬಿನಲ್ಲಿ ಒಂದು ಚೀಟಿ ಇತ್ತು: "ಎರಡನೇ ದಿನ ಹನ್ನೊಂದೂವರೆಯೊಳಗೆ ಸ್ಪೆನ್ಸ್ ಫೀಲ್ಡ್ ತಲುಪದಿದ್ದರೆ ಬೋಟ್ ಮೌಂಟನ್ ಕಡೆ ಇಳಿ." ಇದನ್ನು ಮನೆಯಲ್ಲಿ, ಬೆಚ್ಚಗೆ ಕೂತು ಬರೆದಿದ್ದೆ, ಯಾಕೆಂದರೆ ಮೇಲೆ ಸುಸ್ತಾಗಿ ನಿಂತಾಗ "ಇನ್ನೊಂಚೂರು ಹೋಗೋಣ" ಅಂತಲೇ ಅನ್ನಿಸುತ್ತದೆ. ಹನ್ನೊಂದು ಹತ್ತಕ್ಕೆ ತಲುಪಿದೆ. ಕೈಗವಸು ತೆಗೆಯದೆ ಚೀಟಿ ಇನ್ನೊಮ್ಮೆ ಓದಿ, ಥಂಡರ್‌ಹೆಡ್ ಕಡೆ ಹೊರಟೆ.