ಕೆಂಪಿಗೆ ಉಣಿಸಿದ ಹದಿನಾಲ್ಕು ತಿಂಗಳು

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ನಮ್ಮ ಮನೆಯಲ್ಲಿ ಏಳು ವರ್ಷಗಳಿಂದ ಒಂದು ಹೆಣ್ಣು ಟರಂಟುಲಾ, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡ, ಇದೆ. ಮೆಕ್ಸಿಕೋದ ಪೆಸಿಫಿಕ್ ಕರಾವಳಿ ಕಡೆಯ ಕೆಂಪು ಮಂಡಿಯ ಜಾತಿ, ಶಾಸ್ತ್ರೀಯವಾಗಿ ಬ್ರಾಕಿಪೆಲ್ಮಾ ಹಮೋರಿ. ಕಾಡಿನಿಂದ ಹಿಡಿದು ತಂದ ಜೇಡ ನನಗೆ ಬೇಡವಾಗಿತ್ತು. ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಕೊಂಡು ಕೆಂಪಿ ಎಂದು ಹೆಸರಿಟ್ಟೆ. ಅವಳ ಪೆಟ್ಟಿಗೆಯ ನೆಲಕ್ಕೆ ಹಾಸಿರುವುದು ತೆಂಗಿನ ನಾರಿನ ಪುಡಿ. ಅದನ್ನು ನೆನೆಸುವಾಗಲೆಲ್ಲ ತಿಪಟೂರಿನ ಅಜ್ಜಿಯ ಮನೆಯ ಹಿತ್ತಲಿನ ವಾಸನೆ ಬರುತ್ತದೆ.

ಒಂದು ಫೆಬ್ರವರಿಯಲ್ಲಿ ಕೆಂಪಿ ಪೊರೆ ಬಿಡುವಾಗ ಬಲಗಡೆಯ ಮುಂಗಾಲು ಹಳೆಯ ಪೊರೆಯಲ್ಲಿ ಸಿಕ್ಕಿಕೊಂಡಿತು. ಒದ್ದೆ ಕುಂಚದಿಂದ ಪೊರೆಯನ್ನು ಮೆತ್ತಗೆ ಮಾಡಲು ಗಂಟೆಗಟ್ಟಲೆ ಪ್ರಯತ್ನಿಸಿದರೂ ಫಲವಾಗಲಿಲ್ಲ. ಬೆಳಗಿನ ಹೊತ್ತಿಗೆ ಆ ಕಾಲನ್ನೂ, ಅದರ ಪಕ್ಕದಲ್ಲಿ ಬಾಯಿಯ ಬಳಿ ಇರುವ ಪುಟ್ಟ ಕೈಯಂಥ ಪೆಡಿಪಾಲ್ಪ್ ಅನ್ನೂ ಅವಳು ಬುಡದಿಂದಲೇ ಉದುರಿಸಿಬಿಟ್ಟಿದ್ದಳು. ಬಲಗಡೆಯ ಕೋರೆಹಲ್ಲು ಸೊಟ್ಟಗಾಗಿ ಹೊರಬಂದಿತ್ತು.

ಪೊರೆ ಬಿಟ್ಟ ಟರಂಟುಲಾದ ಕೋರೆಗಳು ಮೊದಲು ಬೆಳ್ಳಗಿದ್ದು, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಕಪ್ಪಾಗುವ ತನಕ ಆಹಾರ ಕೊಡಬಾರದು, ಏಕೆಂದರೆ ಮೆತ್ತಗಿರುವ ಕೋರೆ ಬೇಟೆಗೆ ಚುಚ್ಚುವಾಗ ಇನ್ನಷ್ಟು ಬಾಗಿಬಿಡಬಹುದು. ನಾನು ಹದಿನಾರು ದಿನ ಕಾದೆ. ಫೋನಿನಲ್ಲಿ ಅಮ್ಮ, "ಅಲ್ಲ ಕಣೋ, ಅಷ್ಟು ದಿನ ಉಪವಾಸ ಹಾಕಿದ್ರೆ ಅದಕ್ಕೆ ಹಸಿವಾಗಲ್ವಾ?" ಎಂದು ಕೇಳುತ್ತಲೇ ಇದ್ದರು. ಹೊಟ್ಟೆ ತುಂಬಿಕೊಂಡಿರುವ ಬೆಳೆದ ಹೆಣ್ಣು ಟರಂಟುಲಾ ತಿಂಗಳುಗಟ್ಟಲೆ ಉಪವಾಸವಿರಬಲ್ಲದು, ಅದಕ್ಕೆ ನೀರೊಂದು ತಪ್ಪಬಾರದು ಎಂದು ಅವರಿಗೆ ಹೇಳುತ್ತ, ನನಗೂ ಹೇಳಿಕೊಳ್ಳುತ್ತಿದ್ದೆ.

ಹದಿನೇಳನೆಯ ದಿನ, ಮಿಡತೆಯಂತೆ ನೆಗೆಯುವ ಒಂದು ಕ್ರಿಕೆಟ್ ಹುಳು ಬಿಟ್ಟೆ. ಕೆಂಪಿ ಥಟ್ಟನೆ ಮುಂದಕ್ಕೆ ಹಾರಿದಳು, ಹುಳು ತಪ್ಪಿಸಿಕೊಂಡಿತು. ಮತ್ತೆರಡು ಸಲವೂ ಹಾಗೆಯೇ ಆಯಿತು. ತಿನ್ನಲು ಮನಸ್ಸಿಲ್ಲದ ಜೇಡ ಬೇರೆ, ತಿನ್ನಲಾಗದ ಜೇಡ ಬೇರೆ. ಮನಸ್ಸಿಲ್ಲದ್ದು ಹುಳುವಿನಿಂದ ದೂರ ಸರಿಯುತ್ತದೆ, ಅದು ಹೆಚ್ಚಾಗಿ ಪೊರೆ ಬಿಡುವ ಸಿದ್ಧತೆ. ಅದನ್ನು ಅದರ ಪಾಡಿಗೆ ಬಿಡಬೇಕು. ಕೆಂಪಿ ಅಂಥವಳಾಗಿರಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಮೂರು ಸಲವೂ ಹುಳು ನುಸುಳಿದ್ದು ಕಾಲಿಲ್ಲದ ಬಲಗಡೆಯಿಂದಲೇ ಎಂಬುದು ಕಂಡಿತು. ಟರಂಟುಲಾದ ಕೋರೆಗಳು ನಮ್ಮ ಮನೆಮೂಲೆಯ ಜೇಡದವುಗಳಂತೆ ಇಕ್ಕಳದ ಹಾಗೆ ಎದುರುಬದುರು ಕೂಡುವುದಿಲ್ಲ. ಎರಡೂ ಮೇಲಿನಿಂದ ಕೆಳಕ್ಕೆ ಚುಚ್ಚುತ್ತವೆ. ಆದ್ದರಿಂದ ಬೇಟೆಯನ್ನು ಮುಂಗಾಲು ಮತ್ತು ಪೆಡಿಪಾಲ್ಪ್‌ಗಳಿಂದ ಬಾಚಿ ಮೈಯಡಿಗೆ ಎಳೆದುಕೊಳ್ಳಲೇಬೇಕು. ಕೆಂಪಿಗೆ ಬಾಚಲು ಒಂದೇ ಬದಿ ಉಳಿದಿತ್ತು.

ಅವಳಿಗೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಬೇಟೆ ತಿಳಿಯುವುದು ಕಾಲಿನ ರೋಮಗಳಿಗೆ ತಾಗುವ ಕಂಪನದಿಂದ. ಹಾಗಾಗಿ ನನಗೆ ಬೇಕಾದದ್ದು ಅಲುಗಾಡುವ, ಆದರೆ ಓಡಿಹೋಗದ ಹುಳು. ಕ್ರಿಕೆಟ್ ಹುಳುವನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟು ಮಂಕುಮಾಡಿ, ನೆಗೆಯುವ ಹಿಂಗಾಲುಗಳನ್ನು ತೆಗೆದು ಕೊಟ್ಟಾಗ ಅವಳು ಹಿಡಿದಳು, ಆದರೆ ಸೊಟ್ಟ ಕೋರೆ ಗಟ್ಟಿ ಮೈಗೆ ನಾಟದೆ ಹುಳು ಜಾರಿಬಿತ್ತು. ಮೀಲ್‌ವರ್ಮ್ ಎಂಬ, ದುಂಬಿಯ ಮರಿಹುಳುವಿನಿಂದ ದಾರಿ ಸಿಕ್ಕಿತು. ಅದನ್ನು ಹಾಗೆಯೇ ಬಿಟ್ಟರೆ ಮಣ್ಣಿನೊಳಗೆ ಹೂತುಕೊಳ್ಳುತ್ತದೆ. ತಲೆಯನ್ನು ಚಿಮಟದಿಂದ ಜಜ್ಜಿದರೆ ಹೂತುಕೊಳ್ಳಲಾಗದೆ ಸ್ವಲ್ಪ ಹೊತ್ತು ಹೊರಳಾಡುತ್ತಿರುತ್ತದೆ. ಅದರ ಮೈಯನ್ನು ಅಡ್ಡಕ್ಕೆ ಸೀಳಿ, ಒಳಗಿನ ರಸ ಹೊರಗೆ ಕಾಣುವಂತೆ ಮಾಡಿ, ಮೊಂಡು ತುದಿಯ ಉದ್ದ ಚಿಮಟದಲ್ಲಿ ಹಿಡಿದು, ಎಡಗಡೆಯಿಂದ ಅವಳ ಪೆಡಿಪಾಲ್ಪ್‌ಗೆ ಮೆಲ್ಲಗೆ ತಾಗಿಸಿದೆ. ಚೂಪು ಚಿಮಟವನ್ನು ಯಾರೂ ಬಳಸಬಾರದು. ಜೇಡ ಲೋಹವನ್ನೇ ಕಚ್ಚಿದರೆ ಇರುವ ಒಳ್ಳೆಯ ಕೋರೆಯೂ ಮುರಿಯಬಹುದು.

ಕೆಂಪಿ ಮೊದಲು ಹಿಂದೆ ಸರಿದಳು. ನಾನು ಕೈ ಅಲುಗಿಸಲಿಲ್ಲ. ರಸ ತಾಗಿದ ಮೇಲೆ ಎಡ ಪೆಡಿಪಾಲ್ಪ್ ಒಂದೆರಡು ಸಲ ತಟ್ಟಿ ನೋಡಿತು, ಮತ್ತೆ ನಿಧಾನವಾಗಿ ತುಂಡನ್ನು ಒಳಗೆಳೆದುಕೊಂಡಿತು. ಟರಂಟುಲಾ ಅಗಿದು ನುಂಗುವ ಪ್ರಾಣಿಯಲ್ಲ. ಜೀರ್ಣರಸವನ್ನು ಬೇಟೆಯ ಮೇಲೆ ಸುರಿಸಿ, ಕರಗಿದ್ದನ್ನು ಹೀರುತ್ತದೆ. ಸೀಳಿಕೊಟ್ಟ ಹುಳುವಿಗೆ ಕೋರೆಯ ಕೆಲಸ ಹೆಚ್ಚೇನೂ ಬೇಕಿಲ್ಲದಿರಲು ಇದೇ ಕಾರಣ. ಅಂದು ರಾತ್ರಿ ಅವಳು ನಾಲ್ಕು ಗಂಟೆ ಹೊತ್ತು ಹೀರಿದಳು.

ಆಮೇಲೆ ಹತ್ತು ದಿನಕ್ಕೊಮ್ಮೆ ಹೀಗೆಯೇ ಉಣಿಸಿದೆ. ತಿಂದದ್ದು ಸಾಕಾಯಿತೇ ಎನ್ನುವುದಕ್ಕೆ ಹೊಟ್ಟೆಯೇ ಅಳತೆ: ತಲೆಭಾಗಕ್ಕಿಂತ ತುಸು ದಪ್ಪಗಿದ್ದರೆ ನೆಮ್ಮದಿ, ಸೊರಗಿ ಚಿಕ್ಕದಾದರೆ ಚಿಂತೆ. ಒಂದು ತಪ್ಪನ್ನು ಹೇಳಲೇಬೇಕು. ಅವಳು ಚೇತರಿಸಿಕೊಂಡಳೆಂದು ನಂಬಿ ಒಂದು ರಾತ್ರಿ ಜೀವಂತ ಕ್ರಿಕೆಟ್ ಹುಳುವೊಂದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಮಲಗಿದೆ. ಬೆಳಗ್ಗೆ ಅವಳು ಮೂಲೆಯಲ್ಲಿ ಕಾಲು ಮಡಚಿ ಕುಳಿತಿದ್ದಳು, ಹುಳು ಅವಳ ಬೆನ್ನಿನ ಮೇಲಿತ್ತು. ಹಸಿದ ಕ್ರಿಕೆಟ್ ಹುಳು ಅಶಕ್ತ ಜೇಡವನ್ನೇ, ಮುಖ್ಯವಾಗಿ ಪೊರೆ ಬಿಡುತ್ತಿರುವುದನ್ನು, ಕಡಿದು ತಿನ್ನಬಲ್ಲದು. ಅಂದಿನಿಂದ ಅರ್ಧ ಗಂಟೆಯಲ್ಲಿ ಮುಟ್ಟದ ಹುಳು ಪೆಟ್ಟಿಗೆಯಲ್ಲಿ ಉಳಿದಿಲ್ಲ.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಕೆಂಪಿ ಮತ್ತೆ ಪೊರೆ ಬಿಟ್ಟಳು. ಕಳೆದುಹೋಗಿದ್ದ ಕಾಲು ಮತ್ತು ಪೆಡಿಪಾಲ್ಪ್ ಮತ್ತೆ ಬಂದವು, ಉಳಿದವುಗಳಿಗಿಂತ ತೆಳ್ಳಗೆ, ಮೋಟಾಗಿ; ಕೋರೆ ನೇರವಾಗಿತ್ತು. ಅದು ಕಪ್ಪಾಗುವ ತನಕ ಕಾದು, ಹಿಂಗಾಲು ತೆಗೆಯದ ಒಂದು ಸಣ್ಣ ಕ್ರಿಕೆಟ್ ಹುಳುವನ್ನು ಬಲಗಡೆಗೇ ಬಿಟ್ಟೆ. ತೆಳ್ಳನೆಯ ಆ ಹೊಸ ಕಾಲು ಹುಳುವಿನ ಮೇಲೆ ಬಿದ್ದದ್ದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಮರುದಿನ ನೀರಿನ ಬಟ್ಟಲು ತೊಳೆಯುವಾಗ ಅದರಲ್ಲಿ ಮೆಣಸಿನ ಕಾಳಿನಷ್ಟು ಚಿಕ್ಕ ಕಪ್ಪು ಉಂಡೆಯೊಂದಿತ್ತು: ಹೀರಿ ಮುಗಿಸಿದ ಹುಳುವಿನ ಉಳಿಕೆ.